ಪಥ್ಯದ ದಾರ, ನಾಲ್ಕು ಊರಿನ ಗುಳಿಗೆ

ದವಾಖಾನೆಯ ಔಷಧದ ಕಿಟಕಿಯ ಹಿಂದೆ ನಿಂತು ನನ್ನ ಆಯುಷ್ಯದ ಹೆಚ್ಚುಭಾಗ ಕಳೆದಿದ್ದೇನೆ. ಕಿಟಕಿ ಎಂದರೆ ದೊಡ್ಡದೇನಲ್ಲ, ಒಂದು ಕೈ ತೂರುವಷ್ಟು ಕಂಡಿ. ಅದರಲ್ಲಿ ಜನರ ಮುಖ ಕಾಣುತ್ತಿರಲಿಲ್ಲ, ಹೊಟ್ಟೆ ಮತ್ತು ಕೈ ಮಾತ್ರ ಕಾಣುತ್ತಿದ್ದವು. ಹಾಗಾಗಿ ಬೈಲಹೊಂಗಲದ ಎಷ್ಟೋ ಮಂದಿಯನ್ನು ಇವತ್ತಿಗೂ ನಾನು ಗುರುತು ಹಿಡಿಯುವುದು ಕೈ ನೋಡಿ. ಮದುವೆ ಮನೆಯಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ ಮೊದಲು ಅವರ ಬೆರಳು ನೋಡುತ್ತೇನೆ, ಆಮೇಲೆ ಹೆಸರು ನೆನಪಾಗುತ್ತದೆ.

ಈಗ ಫಾರ್ಮಸಿ ಓದಿ ಹೊಸದಾಗಿ ಕೆಲಸಕ್ಕೆ ಸೇರುವ ಮಕ್ಕಳು ಮನೆಗೆ ಬಂದು, "ಕಾಕಾ, ನಿಮ್ಮ ಕಾಲಕ್ಕ ಹ್ಯಾಂಗಿತ್ರಿ?" ಎಂದು ಕೇಳುತ್ತಾರೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ವರ್ಗವಾಯಿತು ಎಂದು ಹೇಳಲು ಶುರು ಮಾಡಿದರೆ ಅವರಿಗೂ ನಿದ್ದೆ ಬರುತ್ತದೆ, ನನಗೂ ಬರುತ್ತದೆ. ಅದಕ್ಕೆ ಅದನ್ನೆಲ್ಲ ಬಿಟ್ಟು, ಫಿಟ್ಸ್‌ಗೆ ಕೊಡುವ ಒಂದು ಬಿಳಿ ಗುಳಿಗೆಯಿಂದ ಒಬ್ಬ ಸಾಲಿ ಮಾಸ್ತರರ ನೌಕರಿ ಹೋಗುವುದರಲ್ಲಿದ್ದ ಕಥೆ ಬರೆಯುತ್ತೇನೆ. ಎಪ್ಪತ್ತರ ದಶಕದ ಮಾತು. ಮಾಸ್ತರರ ಊರು ಚಚಡಿಯ ಆಚೆಗಿನ ಒಂದು ಹಳ್ಳಿ. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯವರು ಈಗಲೂ ನನಗೆ ಬೇಕಾದವರು.

ಮೊದಲು ನನ್ನ ಬಗ್ಗೆ ಒಂದೆರಡು ಮಾತು. ನಾನು ಕಿತ್ತೂರಿನವನು. ನಮ್ಮಪ್ಪ ದೀಕ್ಷೆ ತೆಗೆದುಕೊಂಡು ಮನೆಯ ಗೋಡೆಗೆ ಬುದ್ಧನ ಪಟ ಹಾಕಿದವರು. ನಾನು ಕಲಿತು ಕಂಪೌಂಡರ್ ಆದೆ. ಆಗ ಗುಳಿಗೆಗಿಂತ ಮಿಕ್ಸ್ಚರಿನ ಕಾರಬಾರು ಹೆಚ್ಚು. ದೊಡ್ಡ ಜಾರಿನಲ್ಲಿ ನೀರು ಸುರಿದು ಔಷಧ ಕಲಸಿ ಬಾಟಲಿಗೆ ತುಂಬಿ ಕೊಡಬೇಕು. ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು ನೀರು ಬೇಡ ಎಂದವರು, ನಾನು ಕೈಯಾರೆ ಕಲಸಿದ ನೀರನ್ನು ದಿನಕ್ಕೆ ಮೂರು ಸಲ ಕುಡಿದು, ಮುಗಿದ ಮೇಲೆ ಬಾಟಲಿ ತೊಳೆದುಕೊಂಡು ಬಂದು ಇನ್ನಷ್ಟು ಕೇಳುತ್ತಿದ್ದರು. ನಾನೂ ಸಂತೋಷದಿಂದ ತುಂಬಿ ಕೊಡುತ್ತಿದ್ದೆ. ಆ ಸಂತೋಷದ ಕಾರಣ ಯಾರಿಗೂ ಹೇಳಲಿಲ್ಲ.

ನಮ್ಮ ಡಾಕ್ಟರು ಹೆಣ್ಣುಮಗಳು. ಜನ ಅವರನ್ನು ಬಾಯಾರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಧಾರವಾಡದವರು, ಆಳು ಗಿಡ್ಡ, ಮಾತು ಮಾತ್ರ ಚೂಪು. ಅವರಿಗಿಂತ ಮೊದಲಿದ್ದ ಡಾಕ್ಟರು ರೋಗಿಯ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಚೀಟಿ ಬರೆದು ನನ್ನ ಕಿಟಕಿಯ ಕಡೆ ಬೆರಳು ತೋರಿಸುತ್ತಿದ್ದರು, ಅಷ್ಟೇ. ಬಾಯಾರು ಬಂದ ವಾರದಲ್ಲೇ ಆ ಪದ್ಧತಿ ಮುರಿದರು.

"ಕಂಪೌಂಡರ್ ಸಾಹೇಬ್ರ, ಗುಳಗಿಗೆ ಬಾಯಿಲ್ಲ, ನಿಮಗ ಅದ. ಅದು ಹೊಟ್ಟ್ಯಾಗ ಹೋಗಿ ಏನೇನು ಮಾಡ್ತದ ಅನ್ನೂದು ನೀವ ಹೇಳ್ರಿ. ಇಲ್ಲಂದ್ರ ಮಂದಿ ತಾವ ಒಂದು ಕಥಿ ಕಟ್ಟಿಕೋತಾರ."

ಮಂದಿ ಕಟ್ಟುವ ಕಥೆಗೆ ಮಿತಿಯೇ ಇರಲಿಲ್ಲ. ಒಮ್ಮೆ ಸವದತ್ತಿಯ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕಣ್ಣೆದುರೇ ಒಬ್ಬನಿಗೆ ಫಿಟ್ಸ್ ಬಂತು. ಒಬ್ಬರು ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು, ಇನ್ನೊಬ್ಬರು ಚಪ್ಪಲಿ ಹಿಡಿದರು. ಕಬ್ಬಿಣ ಕೈಯಲ್ಲಿ ಇಟ್ಟರೆ ನಿಲ್ಲುತ್ತದೆ ಎಂದು ಎದುರಿನ ಅಂಗಡಿಯವನು ತನ್ನ ಕೀಲಿಕೈ ಗೊಂಚಲನ್ನೇ ತಂದು ಕೊಟ್ಟ. ಫಿಟ್ಸ್ ತನ್ನ ಪಾಡಿಗೆ ತಾನು ನಿಂತಿತು. ಆ ಮನುಷ್ಯ ಎದ್ದು, ಇನ್ನೂ ಮಂಕು ಹರಿಯದೆ, ಗೊಂಚಲು ಹಿಡಿದುಕೊಂಡೇ ಧಾರವಾಡದ ಬಸ್ಸು ಹತ್ತಿ ಹೋದ. ಅಂಗಡಿಯವನು ಬಸ್ಸಿನ ಹಿಂದೆ ಸುಮಾರು ದೂರ ಓಡಿದ, ಆಮೇಲೆ ಬಂದು ತನ್ನ ಅಂಗಡಿಯ ಕೀಲಿ ತಾನೇ ಒಡೆದ. ಈ ಕಥೆಯನ್ನು ನಾನು ಕಿಟಕಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಜನ ನಕ್ಕ ಮೇಲೆ ಉಳಿದದ್ದು ಹೇಳುತ್ತಿದ್ದೆ: ಫಿಟ್ಸ್ ಬಂದವರನ್ನು ಒಂದು ಮಗ್ಗುಲಾಗಿ ಮಲಗಿಸಿರಿ, ಸುತ್ತಲಿನ ಕಲ್ಲುಮುಳ್ಳು ಸರಿಸಿರಿ, ಬಾಯಲ್ಲಿ ಏನೂ ತುರುಕಬೇಡಿರಿ, ಬೇಗ ನಿಲ್ಲದಿದ್ದರೆ ದವಾಖಾನೆಗೆ ತನ್ನಿರಿ. ನಗಿಸಿ ಹೇಳಿದ್ದು ಮನೆಯವರೆಗೆ ಹೋಗುತ್ತಿತ್ತು.

ಇನ್ನೊಂದು ರಾಮದುರ್ಗದ ಕಡೆಯ ಕೇಸು. ಒಂದು ಸಣ್ಣ ಹುಡುಗನಿಗೆ ಬಾಯಾರು ಫೀನೋಬಾರ್ಬಿಟೋನ್ ಎಂಬ ಗುಳಿಗೆ ಬರೆದಿದ್ದರು. ದೊಡ್ಡವರಿಗೆ ಅದರಿಂದ ಜೋಂಪು ಬರುತ್ತದೆ. ಕೆಲವು ಮಕ್ಕಳಲ್ಲಿ ಮಾತ್ರ ಉಲ್ಟಾ, ಕಿಡಿಗೇಡಿತನ ಹೆಚ್ಚಾಗುತ್ತದೆ. ಹುಡುಗನ ಅವ್ವ ಮರಳಿ ಬಂದಾಗ ಬಾಯಾರು, "ಗುಳಗಿ ತಗೊಂಡ ಮ್ಯಾಲೆ ಹ್ಯಾಂಗಿದ್ದಾನ?" ಎಂದು ಕೇಳಿದರು.

"ಹುಡುಗ ಮಾಳಗಿ ಹತ್ತಿ ಕುಣೀತಾನ್ರಿ. ನಮ್ಮತ್ತಿ ಮಾತ್ರ ಹಾಸಗಿ ಬಿಟ್ಟು ಏಳವಲ್ಲರು."

ವಿಚಾರಿಸಿದರೆ, ಮೊಮ್ಮಗನಿಗೆ ಕೊಡುವ ಗುಳಿಗೆ ಅಷ್ಟು ಒಳ್ಳೆಯದಿದ್ದರೆ ತನಗೂ ಇರಲಿ ಎಂದು ಅಜ್ಜಿ ತಾನೂ ಒಂದೊಂದು ನುಂಗುತ್ತಿದ್ದಳು. ಒಬ್ಬರ ಗುಳಿಗೆ ಇನ್ನೊಬ್ಬರಿಗಲ್ಲ ಎಂಬುದನ್ನು ಬಾಯಾರು ಆ ಅಜ್ಜಿಗೆ ಬೇರೆ ಚೀಟಿ ಕೊಟ್ಟು ಸಮಾಧಾನ ಮಾಡಿ ತಿಳಿಸಬೇಕಾಯಿತು. ಚೀಟಿಯಲ್ಲಿದ್ದದ್ದು ಬರೀ ಜೀವಸತ್ವದ ಗುಳಿಗೆ. ಅಜ್ಜಿಗೆ ಅದೂ ಭಾರಿ ಹಿಡಿಸಿತು.

ಇನ್ನು ನಮ್ಮ ಈರಣ್ಣ ಮಾಸ್ತರರ ಕಡೆ ಬರೋಣ. ಮಾಸ್ತರರಿಗೆ ಹುಡುಗಾಟದ ವಯಸ್ಸಿನಿಂದ ಫಿಟ್ಸ್ ಇತ್ತು. ಫಿನೈಟೋಯಿನ್ ಎಂಬ ಬಿಳಿ ಗುಳಿಗೆ ತಪ್ಪದೆ ತೆಗೆದುಕೊಂಡು ವರ್ಷಗಟ್ಟಲೆ ಆರಾಮ ಇದ್ದರು. ತೊಂದರೆ ಎಂದರೆ ಆ ಗುಳಿಗೆಯಿಂದ ಕೆಲವರ ಒಸಡು ಬಾತುಕೊಳ್ಳುತ್ತದೆ. ದಿನಾ ಹಲ್ಲು ಒಸಡು ಚೆನ್ನಾಗಿ ತಿಕ್ಕಿದರೆ, ಆಗಾಗ ತೋರಿಸಿಕೊಂಡರೆ ಕಡಿಮೆ ಇರುತ್ತದೆ. ಹಳೆಯ ಡಾಕ್ಟರು ಬಾಯಿ ಬಿಡುವವರಲ್ಲ, ಇದನ್ನೂ ಹೇಳಿರಲಿಲ್ಲ. ಒಸಡು ಹಲ್ಲಿನ ಮೇಲೆ ಏರಿ ಬಂದದ್ದು ನೋಡಿ ಮಾಸ್ತರರು ಗಾಬರಿಯಾಗಿ, ಅವ್ವನ ಮಾತು ಕೇಳಿ ಅದೇ ಊರಿನ ಅಜ್ಜಾರ ಹತ್ತಿರ ಹೋಗಿ ಕೈಗೆ ಕೆಂಪು ದಾರ ಕಟ್ಟಿಸಿಕೊಂಡರು.

ಈ ಅಜ್ಜಾರು ಮೂರ್ಛೆರೋಗಕ್ಕೆ ಸುತ್ತಲಿನ ಹಳ್ಳಿಗಳಲ್ಲಿ ಹೆಸರಾದವರು. ದಾರ ಕಟ್ಟಿ, ದಿನಾ ಒಂದು ಚಿಟಿಕೆ ಬೂದಿ ನಾಲಿಗೆಗೆ ಹಚ್ಚುತ್ತಿದ್ದರು. ಅವರ ಪಥ್ಯ ಬಹಳ ಬಿಗಿ. ಬದನೆಕಾಯಿ ಇಲ್ಲ, ಹುಣಸೆಹಣ್ಣು ಇಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಇಂಗ್ಲಿಷ್ ಔಷಧ ಇಲ್ಲ. ಇಂಗ್ಲಿಷ್ ಔಷಧ ಮುಟ್ಟಿದರೆ ದಾರ ಸತ್ತಂತೆ. ಮಾಸ್ತರರು ಗುಡಿಯ ಕಟ್ಟೆಯ ಮೇಲೆ ಊರೆಲ್ಲ ಕೇಳುವ ಹಾಗೆ, ಇವತ್ತಿನಿಂದ ಗುಳಿಗೆ ಬಂದ್ ಎಂದು ಹೇಳಿಬಿಟ್ಟರು.

ತಿಂಗಳೊಪ್ಪತ್ತಿನಲ್ಲಿ ಮಾಸ್ತರರು ತೂರಾಡಲು ಶುರು ಮಾಡಿದರು. ಬೋರ್ಡಿನ ಮೇಲೆ ಬರೆದ ಸಾಲು ಇಳಿಜಾರಾಗಿ ಹೋಗುತ್ತಿತ್ತು. ಮಾತು ತೊದಲುತ್ತಿತ್ತು. ಒಬ್ಬ ಹುಡುಗನನ್ನು ನೋಡಿ, ನೀವಿಬ್ಬರೂ ಎದ್ದು ನಿಲ್ಲಿರಿ ಎಂದರಂತೆ. ಇದರಲ್ಲಿ ಇನ್ನೊಂದು ತಮಾಷೆ ಇತ್ತು. ಮಾಸ್ತರರು ಸಾರಾಯಿಯ ಕಡು ವೈರಿ. ಪ್ರತಿ ಅಮಾಸಿಗೆ ಗುಡಿಯ ಮುಂದೆ ಕುಡಿಯುವವರನ್ನು ಕೂರಿಸಿಕೊಂಡು ಭಾಷಣ ಬಿಗಿಯುತ್ತಿದ್ದರು. ಈಗ ಆ ಕುಡುಕರಿಗೆ ಹಬ್ಬವಾಯಿತು. ಒಬ್ಬ ಅವರ ಹೆಗಲ ಮೇಲೆ ಕೈ ಹಾಕಿ, "ಮಾಸ್ತರ, ಇಷ್ಟು ದಿನಾ ನಮ್ಮನ್ನ ಬಿಟ್ಟು ಒಬ್ಬರ ಕುಡದ್ರಿ, ಇದು ನ್ಯಾಯಲ್ಲ ನೋಡ್ರಿ" ಎಂದನಂತೆ. ಊರ ಹಿರಿಯರು ಮಾತ್ರ ನಗಲಿಲ್ಲ. ಮಾಸ್ತರರು ಕುಡಿದು ಸಾಲೆಗೆ ಬರುತ್ತಾರೆ ಎಂದು ಮೇಲಿನವರಿಗೆ ದೂರು ಹೋಯಿತು. ಸಾಲಿ ಸಾಹೇಬರು ಬಂದು ವಿಚಾರಣೆ ಮಾಡುವುದು ಗೊತ್ತಾಯಿತು. ದೂರು ಖರೆ ಎಂದಾದರೆ ನೌಕರಿ ಹೋದ ಹಾಗೆಯೇ.

ಅವ್ವ ನೀಲವ್ವ, ಹೆಂಡತಿ ಶಾಂತವ್ವ ಇಬ್ಬರೂ ಕೂಡಿ ಮಾಸ್ತರರನ್ನು ನಮ್ಮ ದವಾಖಾನೆಗೆ ತಂದರು. ಬಾಯಾರು ಅವರ ಬಾಯಿ ಮೂಸಿದರು, ವಾಸನೆ ಇಲ್ಲ. ಬೆರಳು ತೋರಿಸಿ ಕಣ್ಣು ಆಡಿಸಿದರು. ಕಣ್ಣುಗುಡ್ಡೆ ಒಂದೇ ಸಮ ಅಲುಗುತ್ತಿತ್ತು. ನೆಟ್ಟಗೆ ಗೆರೆಯ ಮೇಲೆ ನಡೆಯಿರಿ ಎಂದರೆ ಮಾಸ್ತರರು ನನ್ನ ಮೇಲೆ ಬಂದು ಬಿದ್ದರು.

"ಇದು ಫಿನೈಟೋಯಿನ್ ಹೆಚ್ಚಾದಾಗಿನ ಲಕ್ಷಣ" ಎಂದು ಬಾಯಾರು ನನಗೆ ಹೇಳಿ, ಮಾಸ್ತರರ ಕಡೆ ತಿರುಗಿದರು. "ದಿನಾ ಎಷ್ಟು ಗುಳಗಿ ತಗೋತೀರಿ?"

"ಒಂದೂ ಇಲ್ರಿ. ಪಥ್ಯದಾಗ ಅದೇನಿ."

ಹೆಂಡತಿ, ಅವ್ವ ಇಬ್ಬರೂ ಹೌದು ಹೌದು ಎಂದು ತಲೆ ಆಡಿಸಿದರು. ಆಗ ರಕ್ತದಲ್ಲಿ ಔಷಧ ಎಷ್ಟಿದೆ ಎಂದು ನೋಡುವ ಸೌಲಭ್ಯ ನಮ್ಮಲ್ಲಿ ಇರಲಿಲ್ಲ. ಬಾಯಾರು ಮಾಸ್ತರರನ್ನು ಒಳಗೆ ಮಲಗಿಸಿಕೊಂಡು, ಯಾವ ಗುಳಿಗೆಯನ್ನೂ ಕೊಡದೆ, ಫಿಟ್ಸ್ ಬಂದೀತು ಎಂದು ಕಣ್ಣಿಟ್ಟು ಕಾದರು. ಎಷ್ಟು ದಿನ ಕಾದರೂ ಮಾಸ್ತರರು ತೂರಾಡುವುದು ನಿಲ್ಲಲಿಲ್ಲ. ಗುಳಿಗೆಯೇ ಇಲ್ಲದ ಹೊಟ್ಟೆಯಲ್ಲಿ ಗುಳಿಗೆ ಎಲ್ಲಿಂದ ಹುಟ್ಟುತ್ತದೆ ಎಂದು ಬಾಯಾರಿಗೆ ಸಿಟ್ಟು. ಅವರ ಸಿಟ್ಟಿಗೆ ಸಿಕ್ಕವನು ನಾನು.

ಕೊನೆಗೆ ಒಂದು ಬೆಳಿಗ್ಗೆ ಅವರು ವಾರ್ಡಿನ ನಡುವೆ ನಿಂತು ದೊಡ್ಡ ದನಿಯಲ್ಲಿ ಹೇಳಿದರು: "ಕಂಪೌಂಡರ್ ಸಾಹೇಬ್ರ, ನಾಳೆಯಿಂದ ಮಾಸ್ತರಗ ಬರೋ ಊಟದ ಡಬ್ಬಿ, ಚಹಾದ ಗಿಂಡಿ, ಹಾಸಗಿ, ಮೈಮ್ಯಾಲಿನ ಅರಬಿ ಎಲ್ಲಾ ಲ್ಯಾಬಿಗೆ ಹೋಗಬೇಕು. ಮಷಿನ್ ಒಳಗ ಹಾಕಿದ್ರ ಯಾರು ಏನು ಕೂಡಿಸ್ಯಾರ ಹೆಸರು ಸಹಿತ ಬರ್ತದ."

ನಮ್ಮ ಲ್ಯಾಬ್ ಎಂದರೆ ಒಂದು ಮೇಜು, ಒಂದು ಸೂಕ್ಷ್ಮದರ್ಶಕ. ಅದರಲ್ಲೂ ಒಂದು ಗಾಜು ಸೀಳಿತ್ತು. ನಾನು ನಗು ನುಂಗಿಕೊಂಡು, ಹೌದ್ರಿ ಬಾಯಾರ, ಮಷಿನ್ ಒರೆಸಿ ಇಟ್ಟೇನಿ ಎಂದೆ.

ಮಧ್ಯಾಹ್ನ ಕಂಡಿಯಲ್ಲಿ ಮೊದಲು ಬಂದದ್ದು ಹಸಿರು ಬಳೆಯ ಮುದಿ ಕೈ. ನೀಲವ್ವ. ಪಿಸುಮಾತಿನಲ್ಲಿ, "ತಮ್ಮಾ, ಡಬ್ಬಿ ಮಷಿನ್ಯಾಗ ಹಾಕಬ್ಯಾಡಪ್ಪಾ. ರೊಟ್ಟಿಗೆ ಹಚ್ಚಕೊಳ್ಳೋ ಶೇಂಗಾ ಹಿಂಡ್ಯಾಗ ದಿನಾ ಗುಳಗಿ ಅರದು ಹಾಕತೇನಿ. ದಾರ ನಂಬೇನಿ, ಖರೆ. ಆದ್ರ ಹೆತ್ತ ಕರಳು ಕೇಳಬೇಕಲ್ಲ. ನನ್ನ ಸೊಸಿಗೆ ಗೊತ್ತಾದ್ರ ಪಥ್ಯ ಕೆಡಿಸಿದ್ಲು ಅಂತ ಊರ ತುಂಬ ಹೇಳ್ತಾಳ" ಎಂದಳು. ಆ ಗುಳಿಗೆಗಳನ್ನು ಹಳೆಯ ಚೀಟಿ ಕೊಟ್ಟು ನೆರೆಯವರ ಕೈಯಲ್ಲಿ ನಮ್ಮಲ್ಲಿಂದಲೇ ತರಿಸುತ್ತಿದ್ದಳು, ಅದಕ್ಕೇ ನನಗೆ ಗುರುತು ಹತ್ತಿರಲಿಲ್ಲ.

ಆ ಕೈ ಹೋಗಿ ಸ್ವಲ್ಪ ಹೊತ್ತಿನಲ್ಲೇ ಕೆಂಪು ಬಳೆಯ ಕೈ ಬಂತು. ಶಾಂತವ್ವ. "ಅಣ್ಣಾರ, ಚಹಾದ ಗಿಂಡಿ ಬಿಟ್ಟ ಬಿಡ್ರಿ. ಸವದತ್ತಿಯಿಂದ ನಮ್ಮ ತಮ್ಮ ಗುಳಗಿ ತಂದ ಕೊಡ್ತಾನ. ಬೆಲ್ಲ ಜಾಸ್ತಿ ಹಾಕಿ ಕುಡಸ್ತೇನಿ. ನಮ್ಮತ್ತಿಗಿ ಹೇಳಬ್ಯಾಡ್ರಿ, ಆಕಿ ಪಥ್ಯದಾಗ ಭಾಳ ಕಟ್ಟುನಿಟ್ಟು."

ಸಂಜೆ ಮೂರನೆಯ ಕೈ ಬಂತು. ಬೆರಳಿಗೆ ಸುಣ್ಣದಕಡ್ಡಿಯ ಪುಡಿ ಕಾಯಂ ಹತ್ತಿದ ಕೈ, ಮಣಿಕಟ್ಟಿಗೆ ಕೆಂಪು ದಾರ. ಸ್ವತಃ ಮಾಸ್ತರರು. ತಮ್ಮ ಗಾಂಧಿ ಟೋಪಿ ತೆಗೆದು ಅದರ ಮಡಿಕೆ ಬಿಚ್ಚಿ ತೋರಿಸಿದರು. ಒಳಗೆ ಯರಗಟ್ಟಿಯ ಅಂಗಡಿಯಿಂದ ತಂದ ಬಿಳಿ ಗುಳಿಗೆ ಸಾಲಾಗಿ ಕುಳಿತಿದ್ದವು.

"ಊರ ಮುಂದ ಬಿಟ್ಟೇನಿ ಅಂದೆ. ಮರುದಿನ ಬೋರ್ಡ್ ಮುಂದ ನಿಂತಾಗ ಹೆದರಿಕಿ ಬಂತು. ಮಕ್ಕಳ ಮುಂದ ಬಿದ್ದರ? ಅದಕ್ಕ ಕದ್ದು ತಗೊಳ್ಳಾಕ ಹತ್ತಿದೆ. ಅವ್ವಗ, ಮನಿಯಾಕಿಗೆ ತಿಳೀಬಾರದ್ರಿ. ಪಾಪ, ನನ್ನ ಪಥ್ಯಕ್ಕಾಗಿ ಅವರೂ ಬದನಿಕಾಯಿ ಬಿಟ್ಟಾರ."

ಒಂದೇ ಮನೆಯ ಮೂರು ಜನ, ಪ್ರತಿಯೊಬ್ಬರೂ ಉಳಿದಿಬ್ಬರು ಪಥ್ಯದಲ್ಲಿದ್ದಾರೆ ಎಂದು ನಂಬಿ, ಒಂದೇ ಹೊಟ್ಟೆಗೆ ಮೂರು ಪಟ್ಟು ಗುಳಿಗೆ ಇಳಿಸಿದ್ದರು. ಫಿನೈಟೋಯಿನ್ ಸ್ವಲ್ಪ ಹೆಚ್ಚಾದರೂ ರಕ್ತದಲ್ಲಿ ಒಮ್ಮೆಲೇ ಏರಿ ಕೂರುವ ಔಷಧ. ಕಣ್ಣಿಗೆ ಒಂದು ಎರಡಾಗುತ್ತದೆ, ಕಾಲು ಮಾತು ಕೇಳುವುದಿಲ್ಲ. ನಾನು ತಿಳಿಸಿದ ಮೇಲೆ ಬಾಯಾರು ಮೂವರಿಗೂ ಬೇರೆಬೇರೆಯಾಗಿ ಗುಟ್ಟು ಕಾಯುವ ಮಾತು ಕೊಟ್ಟು, ಮೂವರ ಕೈಯನ್ನೂ ನಿಲ್ಲಿಸಿದರು. ಮಾಸ್ತರರ ಕಣ್ಣು ಸ್ಥಿರವಾಯಿತು, ಗೆರೆಯ ಮೇಲೆ ನಡೆದರು. ಆದರೆ ಜೋಂಪು ಹೋಗಲಿಲ್ಲ. ಮಧ್ಯಾಹ್ನವಾದರೆ ಕುಳಿತಲ್ಲೇ ತೂಕಡಿಸುತ್ತಿದ್ದರು. ವಿಚಾರಣೆಯ ದಿನ ಹತ್ತಿರ ಬಂದಿತ್ತು. ಸಾಹೇಬರ ಮುಂದೆ ತೂಕಡಿಸಿದರೆ ಇಷ್ಟು ಮಾಡಿದ್ದೂ ನೀರಿಗೆ ಹೋಗುತ್ತಿತ್ತು.

ಅಜ್ಜಾರು ದಿನಾ ಬಸ್ಸಿನಲ್ಲಿ ಬಂದು ಮಾಸ್ತರರ ನಾಲಿಗೆಗೆ ಬೂದಿ ಹಚ್ಚಿ ಹೋಗುತ್ತಿದ್ದರು. ಉಳಿದದ್ದೆಲ್ಲ ನಿಂತ ಮೇಲೂ ಹೊಟ್ಟೆಗೆ ಹೋಗುತ್ತಿದ್ದದ್ದು ಆ ಬೂದಿ ಒಂದೇ ಎಂದು ಬಾಯಾರು ಒಂದು ದಿನ ಅವರ ಎದುರಿಗೆ ಬಂದು, ನನಗೂ ಒಂದು ಚಿಟಿಕೆ ಕೊಡಿರಿ ಎಂದು ಕೈ ಚಾಚಿದರು. ಅಜ್ಜಾರು ಹಿಂದೆ ಮುಂದೆ ನೋಡಿ ಕೊಟ್ಟರು. ಬಾಯಾರು ನೆಕ್ಕಿ ನೋಡಿ, ಅಜ್ಜಾರನ್ನು ನನ್ನ ಔಷಧದ ಕೋಣೆಗೆ ಕರೆತಂದು ಬಾಗಿಲು ಹಾಕಿದರು.

"ಅಜ್ಜಾರ, ಕಹಿ ಬೂದಿ ನಾ ಇವತ್ತ ಮೊದಲ ನೋಡಿದ್ದು. ಏನ ಕೂಡಿಸೀರಿ?"

ಅಜ್ಜಾರು ಬೂದಿಯ ಗಂಟನ್ನು ಬಿಗಿದು ಕಟ್ಟಿದರು. ಆಮೇಲೆ ತಲೆ ಎತ್ತದೆ ಹೇಳಿದರು. "ನಮ್ಮಪ್ಪನ ಕಾಲದಾಗ ಬರೇ ಬೂದಿನ ಕೊಡತಿದ್ವಿ ಬಾಯಾರ. ಒಂದು ಹುಡುಗಿ ಇತ್ತು. ನಾನ ದಾರ ಕಟ್ಟಿದ್ದೆ. ಬಾವಿ ದಂಡ್ಯಾಗ ನೀರು ಸೇದುವಾಗ ಮೂರ್ಛಿ ಬಂದು ಒಳಗ ಬಿದ್ದು ಹೋತು. ಮ್ಯಾಲ ಎತ್ತಿದಾಗ ದಾರ ಕೈಯಾಗ ಇತ್ತು. ಅವತ್ತಿಂದ ಬರೇ ಬೂದಿ ಕೊಡಾಕ ನನ್ನ ಕೈ ಏಳವಲ್ದು. ರಾಮದುರ್ಗದಾಗ ಒಬ್ಬಾವ ನಿದ್ದಿ ಗುಳಗಿ ಕೊಡ್ತಾನ. ಅರದು ಕೂಡಸ್ತೇನಿ."

"ಮತ್ತ ಇಂಗ್ಲಿಷ್ ಔಷಧ ಬ್ಯಾಡ ಅಂತ ಪಥ್ಯ?"

"ಎರಡೂ ಕೂಡಿದ್ರ ಮಂದಿ ಏಳಲಾರದಂಗ ಮಲಗತಾರಂತ ಕಂಡೇನ್ರಿ. ಅದಕ್ಕ ಪಥ್ಯ ಇಟ್ಟೆ."

ಬಾಯಾರಿಗೆ ಸಿಟ್ಟು ಬಂದದ್ದು ಮುಖದಲ್ಲಿ ಕಂಡಿತು, ಆದರೆ ದನಿ ಏರಿಸಲಿಲ್ಲ. "ಅಜ್ಜಾರ, ಇದು ಚಿಟಿಕಿಲೆ ಅಳೆಯೋ ಔಷಧ ಅಲ್ಲ. ಒಬ್ಬರಿಗೆ ಹೆಚ್ಚಾದ್ರ ಉಸಿರು ನಿಲ್ತದ. ಬಸರಿಗೆ ಕೊಟ್ರ ಕೂಸಿಗೆ ಪೆಟ್ಟು. ನಿಮ್ಮ ಬೂದಿ ಖಾಲಿ ಆಗಿ ಒಮ್ಮೆಲೇ ನಿಂತ್ರ ಮೊದಲಿನಕ್ಕಿಂತ ಜೋರು ಮೂರ್ಛಿ ಬರ್ತದ. ಇನ್ನೊಂದು ಬಾವಿ ಆಗೂದು ಬ್ಯಾಡ." ಅಜ್ಜಾರ ಕಣ್ಣಿನಲ್ಲಿ ನೀರು ಬಂತು. ನನಗೂ ಅವತ್ತು ತಮಾಷೆ ಮಾಡುವ ಮನಸ್ಸಾಗಲಿಲ್ಲ.

ಅವರ ಬೂದಿಯನ್ನೂ ಒಮ್ಮೆಲೇ ಬಿಡಿಸುವ ಹಾಗಿರಲಿಲ್ಲ. ಅಜ್ಜಾರು ಅವತ್ತಿನಿಂದ ಬರೀ ಬೂದಿಯನ್ನು ಮಾಸ್ತರರ ಹಣೆಗೆ ಹಚ್ಚಿದರು. ಆ ನಿದ್ದೆ ಗುಳಿಗೆ ಎಂದರೆ ಫೀನೋಬಾರ್ಬಿಟೋನೇ; ನಾನು ಅದನ್ನು ಅಳತೆಯಲ್ಲಿ ಕೊಟ್ಟು, ಬಾಯಾರು ಹೇಳಿದಂತೆ ನಿಧಾನವಾಗಿ ಇಳಿಸುತ್ತ ಬಂದೆ. ಫಿನೈಟೋಯಿನ್ ಮತ್ತೆ ಹಳೆಯ ಅಳತೆಗೆ ಬಂತು.

ವಿಚಾರಣೆಯ ದಿನ ಬಾಯಾರು ಒಂದು ಸರ್ಟಿಫಿಕೇಟ್ ಕೊಟ್ಟು ಮಾಸ್ತರರ ಜೊತೆ ನನ್ನನ್ನು ಕಳಿಸಿದರು. ಸಾಲೆಯ ಪಡಸಾಲೆಯಲ್ಲಿ ಸಾಹೇಬರು ಕುಳಿತಿದ್ದರು, ಊರೆಲ್ಲ ನೆರೆದಿತ್ತು, ಕುಡುಕರು ಮುಂದಿನ ಸಾಲಿನಲ್ಲಿದ್ದರು. ಸಾಹೇಬರು ಓದಿದರು: ಇವರು ಮದ್ಯಪಾನ ಮಾಡಿಲ್ಲ, ಔಷಧದ ಪರಿಣಾಮದಿಂದ ಹಾಗೆ ಆಗಿತ್ತು.

ಒಬ್ಬ ಹಿರಿಯರು ಎದ್ದರು. "ಯಾವ ಔಷಧ್ರಿ? ಮಾಸ್ತರ ಪಥ್ಯದಾಗ ಅದಾರ. ಗುಳಗಿ ಮುಟ್ಟಂಗಿಲ್ಲ ಅಂತ ಅವರ ಬಾಯಲೇ ಕೇಳೇವಿ. ಡಾಕ್ಟರ ಚೀಟಿ ಯಾರ ಬೇಕಾದ್ರೂ ತರತಾರ."

ಮಾಸ್ತರರು ಟೋಪಿಯನ್ನು ತಲೆಗೆ ಒತ್ತಿಕೊಂಡರು. ಗುಳಿಗೆ ತಗೊಂಡೆ ಎಂದರೆ ಊರ ಮುಂದೆ ಸುಳ್ಳುಗಾರ, ಇಲ್ಲ ಎಂದರೆ ಕುಡುಕ. ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು, ಶಾಂತವ್ವ ನೆಲ ನೋಡಿದಳು. ಮೂವರ ಗುಟ್ಟೂ ನನ್ನ ಹೊಟ್ಟೆಯಲ್ಲಿದ್ದವು, ಹೇಳುವಂತಿಲ್ಲ.

ಆಗ ಅಜ್ಜಾರು ಕೋಲು ಊರಿಕೊಂಡು ಎದ್ದರು. "ಮಾಸ್ತರ ಕುಡದಿಲ್ಲ. ನನ್ನ ಬೂದಿ ಹೆಚ್ಚಾಗಿತ್ತು. ತಪ್ಪು ನಂದು."

ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ಅದು ಎಷ್ಟು ಖರೆ ಎಂದು ಅಜ್ಜಾರನ್ನು ಬಿಟ್ಟರೆ ಅಲ್ಲಿ ತಿಳಿದವನು ನಾನೊಬ್ಬನೇ. ಊರವರು ಮುಖ ಮುಖ ನೋಡಿಕೊಂಡು ಗುಜುಗುಜು ಶುರು ಮಾಡಿದರು. ಅಜ್ಜಾರ ಬೂದಿಗೆ ಸಾರಾಯಿಗಿಂತ ಜೋರಿದೆ ಎಂದು ಮುಂದಿನ ಸಾಲಿನವರು ಬಹಳ ಭಕ್ತಿಯಿಂದ ನೋಡಿದರು. ಸಾಹೇಬರು ದೂರು ವಜಾ ಮಾಡಿ ಚಹಾ ಕುಡಿದು ಹೋದರು. ಊರವರು ಚದುರುವ ಮೊದಲೇ ಅಜ್ಜಾರು ಇನ್ನೊಂದು ಮಾತು ಹೇಳಿದರು. "ಇವತ್ತಿಂದ ಪಥ್ಯ ಬದಲಿ. ದಾರ ಕಟ್ಟಿಸ್ಕೊಂಡವರು ಬೈಲಹೊಂಗಲದ ಬಾಯಾರ ಗುಳಗಿ ಒಂದ ದಿನಾನೂ ತಪ್ಪಸಬಾರದು, ತಾವಾಗಿ ಹೆಚ್ಚು ಕಡಿಮಿ ಮಾಡಬಾರದು. ಮನ್ಯಾಗ ಒಬ್ಬರ ಮಾತ್ರ ಗುಳಗಿ ಕೊಡಬೇಕು. ತಪ್ಪಿದ್ರ ದಾರ ಸತ್ತಂಗ."

ಆಮೇಲೆ ನನ್ನ ಕಂಡಿಯಲ್ಲಿ ಕೆಂಪು ದಾರದ ಕೈಗಳು ಸಾಲುಗಟ್ಟಿದವು. ನನ್ನ ಸರ್ವೀಸಿನಲ್ಲಿ ಅಷ್ಟು ಶಿಸ್ತಾಗಿ ಗುಳಿಗೆ ತೆಗೆದುಕೊಂಡ ರೋಗಿಗಳನ್ನು ನಾನು ಕಾಣೆ. ನಾವು ಹೇಳಿದ್ದನ್ನು ಅರ್ಧ ಕೇಳುವ ಜನ ಪಥ್ಯವನ್ನು ಪೂರಾ ಪಾಲಿಸುತ್ತಿದ್ದರು.

ಸ್ವಲ್ಪ ದಿನಗಳ ಮೇಲೆ ಒಂದು ಮಧ್ಯಾಹ್ನ ಸಾಲಿನ ಕೊನೆಗೆ ಒಂದು ಮುದಿ ಕೈ ಒಳಗೆ ಬಂತು. ಉಗುರಿನ ಸಂದಿಯಲ್ಲಿ ಬೂದಿ. ಮುಷ್ಟಿಯಲ್ಲಿದ್ದ ಒಂದು ದೊಡ್ಡ ಪೊಟ್ಟಣವನ್ನು ನನ್ನ ಕಟ್ಟೆಯ ಮೇಲೆ ಇಟ್ಟಿತು. ರಾಮದುರ್ಗದ ಗುಳಿಗೆಗಳು, ಉಳಿದದ್ದೆಲ್ಲ.

"ಇವನ್ನ ನೀವ ಇಟಗೋರಿ ಕಂಪೌಂಡರ. ನನ್ನ ಹತ್ರ ಇದ್ರ, ಯಾರರೆ ಅಳಕೋತ ಬಂದಾಗ ಕೈ ಸುಮ್ಮನಿರೂದಿಲ್ಲ."

ಮುಖ ನೋಡಬೇಕೆಂದು ನಾನು ಕಂಡಿಯ ಮಟ್ಟಕ್ಕೆ ಬಗ್ಗಿದೆ. ಅಷ್ಟರಲ್ಲಿ ಅಜ್ಜಾರು ತಿರುಗಿ ಬಸ್‌ಸ್ಟ್ಯಾಂಡಿನ ಕಡೆ ನಡೆದಿದ್ದರು. ಹಿಂದೆ ನಿಂತಿದ್ದ ದಾರದ ಕೈ ತನ್ನ ಚೀಟಿಯನ್ನು ಮುಂದೆ ಚಾಚಿತು.